ಮಗಳ ಎರಡು ದಿನದ ಪ್ರಾಗ್ ಪ್ರವಾಸ: ಮೊದಲು ನೋಡಬೇಕಾದದ್ದು ವೀಸಾದ ಮೇಲಿನ ತಾರೀಖು

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು, ಸಣ್ಣ ಕಾಫಿ ತೋಟವಿದೆ. ಮಗಳು ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಬ್ಯಾಂಕ್ ಸಾಲ ಪಡೆದು, ಕಳೆದ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಡ್ರೆಸ್ಡನ್‌ಗೆ ಎಂ.ಎಸ್. ಓದಲು ಹೋಗಿದ್ದಾಳೆ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಎರಡನೇ ವಾರಾಂತ್ಯದಲ್ಲಿ, ಐವರು ಸಹಪಾಠಿಗಳು ಸೇರಿ ಪ್ರಾಗ್ ನಗರಕ್ಕೆ ಹೋಗಿ ಬರುತ್ತೇವೆ ಎನ್ನುತ್ತಿದ್ದಾಳೆ. ಇಬ್ಬರು ಹುಡುಗಿಯರು, ಮೂವರು ಹುಡುಗರು. ಅದು ಬೇರೆ ದೇಶವಲ್ಲವೇ, ಅದಕ್ಕೆ ಬೇರೆ ವೀಸಾ ಬೇಕು ಎಂದು ಪಕ್ಕದ ಎಸ್ಟೇಟಿನವರು ಹೇಳುತ್ತಾರೆ. ಓದಲು ಹೋದವಳು ಸುತ್ತಾಡಿದರೆ ಮುಂದೆ ಅಲ್ಲಿ ನೆಲೆಸಲು ಅನುಮತಿ ಸಿಗುವುದಿಲ್ಲ ಎಂದು ಬೆಂಗಳೂರಿನಲ್ಲಿರುವ ನಮ್ಮ ಭಾವನವರು ಹೆದರಿಸುತ್ತಾರೆ. ವೀಸಾ ಫೆಬ್ರುವರಿ 28ರವರೆಗೆ ಇದೆ, ಅಲ್ಲಿಯ ಕಾರ್ಡ್‌ಗೆ ಅರ್ಜಿ ಹಾಕಿದ್ದೇನೆ, ಏನೂ ತೊಂದರೆ ಇಲ್ಲ ಎಂದು ಅವಳು ಹೇಳುತ್ತಾಳೆ. ಅಲ್ಲಿ ಕಳ್ಳತನ ಹೆಚ್ಚಂತೆ. ನಮ್ಮವರನ್ನು ಕಂಡರೆ ಆಗದವರೂ ಇದ್ದಾರಂತೆ. ಹುಡುಗರ ಜೊತೆ ಹೋಗುವುದಕ್ಕೆ ಅವಳ ಅಪ್ಪನ ಒಪ್ಪಿಗೆ ಇಲ್ಲ. ಮೂವತ್ತು ಸಾವಿರ ಕಳುಹಿಸಲೇ, ಬೇಡ ಎನ್ನಲೇ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಕಳ್ಳರು, ನಮ್ಮವರನ್ನು ಕಂಡರೆ ಆಗದವರು, ಜೊತೆಗೆ ಹೋಗುವ ಹುಡುಗರು, ಖರ್ಚು, ನೆಂಟರ ಮಾತು, ಇವೆಲ್ಲ ನಿಮ್ಮನ್ನು ಕಾಡುತ್ತಿವೆ. ಒಂದೊಂದಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಪ್ರಶ್ನೆಯಾಗಿ ಕೇಳದೆ, ಮಗಳು ಹೇಳಿದ ಸಮಾಧಾನದ ಮಾತೆಂದು ಬರೆದು ಮುಂದೆ ಹೋದ ಒಂದು ಸಾಲಿದೆ. ವೀಸಾ ಫೆಬ್ರುವರಿ 28ಕ್ಕೆ ಮುಗಿಯುತ್ತದೆ, ಪ್ರವಾಸ ಮಾರ್ಚ್‌ನಲ್ಲಿ. ಇಡೀ ಪತ್ರದಲ್ಲಿ ನಿಜವಾಗಿ ಚಿಂತಿಸಬೇಕಾದ ಸಂಗತಿ ಇದೊಂದೇ. ಹಾಸನದಲ್ಲಿ ಕುಳಿತು ವಿದೇಶ ವ್ಯಾಸಂಗಕ್ಕೆ ಹೋಗುವ ಮಕ್ಕಳ ಕಾಗದಪತ್ರ ನೋಡುವುದೇ ನನ್ನ ಕೆಲಸ. ಅಲ್ಲಿಗೆ ಹೋದ ಮೇಲೂ ಮಕ್ಕಳು ಫೋನ್ ಮಾಡುತ್ತಾರೆ. ಪ್ರವಾಸದಲ್ಲಿ ತೊಂದರೆಗೆ ಸಿಕ್ಕಿ ಫೋನ್ ಮಾಡಿದವರಲ್ಲಿ ಹೆಚ್ಚಿನವರಿಗೆ ಅಡ್ಡ ಬಂದದ್ದು ಕಳ್ಳರಲ್ಲ, ಕೈಯಲ್ಲಿದ್ದ ಕಾಗದದ ಮೇಲಿನ ತಾರೀಖು.

ಮೊದಲು ಪಕ್ಕದ ಎಸ್ಟೇಟಿನವರ ಮಾತನ್ನು ನೋಡೋಣ. ಪ್ರಾಗ್ ಇರುವುದು ಚೆಕ್ ಗಣರಾಜ್ಯದಲ್ಲಿ, ಅದು ಬೇರೆಯೇ ದೇಶ ಎಂಬುದು ನಿಜ. ಆದರೆ ಜರ್ಮನಿ ಮತ್ತು ಚೆಕ್ ಎರಡೂ ಷೆಂಗೆನ್ ಪ್ರದೇಶಕ್ಕೆ ಸೇರಿವೆ. ಷೆಂಗೆನ್ ಎಂಬುದು ಲಕ್ಸೆಂಬರ್ಗ್‌ನ ಒಂದು ಸಣ್ಣ ಊರು. ಗಡಿಗಳಲ್ಲಿನ ತಪಾಸಣೆಯನ್ನು ತೆಗೆದುಹಾಕುವ ಒಪ್ಪಂದಕ್ಕೆ 1985ರಲ್ಲಿ ಅಲ್ಲಿ ಐದು ದೇಶಗಳು ಸಹಿ ಹಾಕಿದವು. ಚೆಕ್ 2007ರಲ್ಲಿ ಸೇರಿತು. ಇಂದು ಈ ಗುಂಪಿನಲ್ಲಿ 29 ದೇಶಗಳಿವೆ. ಇವುಗಳಲ್ಲಿ ಯಾವುದಾದರೂ ಒಂದು ದೇಶ ಕೊಟ್ಟ ದೀರ್ಘಾವಧಿಯ ವೀಸಾ ಅಥವಾ ವಾಸದ ಪರವಾನಗಿ ಚಾಲ್ತಿಯಲ್ಲಿದ್ದರೆ, ಉಳಿದ ದೇಶಗಳಿಗೆ ಪ್ರವಾಸಿಯಾಗಿ ಹೋಗಿ ಬರಬಹುದು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರಬಾರದು, ಅಷ್ಟೇ. ಜರ್ಮನಿಯಲ್ಲಿಯೇ ಇರುವ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರ, ಭಾನುವಾರದ ಪ್ರವಾಸಕ್ಕೆ ಈ ಮಿತಿ ಎಂದೂ ಅಡ್ಡ ಬರದು. ಬೇರೆ ವೀಸಾ ಬೇಡ, ಪಾಸ್‌ಪೋರ್ಟಿಗೆ ಮುದ್ರೆಯೂ ಬೀಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಯೂರೋಪ್ ಎಂದೊಡನೆ ಎಲ್ಲ ದೇಶಗಳೂ ಷೆಂಗೆನ್ ಒಳಗೆ ಬರುವುದಿಲ್ಲ. ಲಂಡನ್‌ಗೆ ಹೋಗಬೇಕಾದರೆ ಬ್ರಿಟನ್ನಿನ ವೀಸಾ ಬೇಕೇ ಬೇಕು. ಐರ್ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿ ಇಲ್ಲ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಅಗ್ಗದ ವಿಮಾನ ಟಿಕೆಟ್ ಕಂಡ ಉತ್ಸಾಹದಲ್ಲಿ ಇದನ್ನು ನೋಡದೆ ಕಾಯ್ದಿರಿಸಿ ಹಣ ಕಳೆದುಕೊಂಡ ಮಕ್ಕಳಿದ್ದಾರೆ. ಪ್ರಾಗ್‌ನ ಮಟ್ಟಿಗೆ ಆ ತೊಡಕಿಲ್ಲ.

ನಿಮ್ಮ ಭಾವನವರ ಮಾತಿಗೂ ಆಧಾರವಿಲ್ಲ. ಎರಡು ದಿನ ನೆರೆಯ ದೇಶಕ್ಕೆ ಹೋಗಿ ಬಂದದ್ದರಿಂದ ವಿದ್ಯಾರ್ಥಿ ಪರವಾನಗಿ ರದ್ದಾಗುವುದಿಲ್ಲ, ಮುಂದೆ ನೆಲೆಸಲು ಹಾಕುವ ಅರ್ಜಿಗೂ ಕುಂದಿಲ್ಲ. ಈ ಭಯ ಎಲ್ಲಿಂದ ಹುಟ್ಟಿರಬಹುದು ಎಂದು ಊಹಿಸಬಲ್ಲೆ. ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ಜರ್ಮನಿಯ ಹೊರಗೆ ಉಳಿದರೆ ಪರವಾನಗಿ ತಾನಾಗಿಯೇ ಬಿದ್ದುಹೋಗುತ್ತದೆ ಎಂಬ ನಿಯಮ ಅಲ್ಲಿಯ ಕಾನೂನಿನಲ್ಲಿದೆ. ಅದು ಬಾಯಿಂದ ಬಾಯಿಗೆ ಹೋಗುತ್ತ ‘ಗಡಿ ದಾಟಿದರೆ ಪರವಾನಗಿ ಹೋಯಿತು’ ಎಂದಾಗಿದೆ. ವಿದ್ಯಾರ್ಥಿ ಪರವಾನಗಿ ನವೀಕರಿಸುವಾಗ ಕಚೇರಿಯವರು ನೋಡುವುದು ಬೇರೆ ವಿಷಯಗಳನ್ನು. ಓದು ಸರಿಯಾಗಿ ಸಾಗುತ್ತಿದೆಯೇ, ಖಾತೆಯಲ್ಲಿ ಹಣವಿದೆಯೇ, ಆರೋಗ್ಯ ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳುತ್ತಾರೆ. ಪ್ರಾಗ್ ನೋಡಿದ್ದೀಯಾ ಎಂದು ಯಾರೂ ಕೇಳುವುದಿಲ್ಲ.

ಈಗ ಆ ತಾರೀಖಿಗೆ ಬರುತ್ತೇನೆ.

ಇಲ್ಲಿಂದ ಹೊರಡುವಾಗ ಜರ್ಮನಿಯ ದೂತಾವಾಸ ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಕೆಲವೇ ತಿಂಗಳ ಅವಧಿಯದು. ಅಲ್ಲಿಗೆ ತಲುಪಿ, ವಿಳಾಸ ನೋಂದಾಯಿಸಿ, ಆ ಅವಧಿ ಮುಗಿಯುವುದರೊಳಗೆ ಊರಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದು ಕಾರ್ಡ್ ರೂಪದಲ್ಲಿ ಬರುತ್ತದೆ. ಸಂದರ್ಶನದ ದಿನ ಸಿಗುವುದೇ ತಡ, ಆಮೇಲೆ ಕಾರ್ಡ್ ಮುದ್ರಣವಾಗಿ ಕೈಗೆ ಬರಲು ಮತ್ತೆ ಕೆಲವು ವಾರ. ಎಲ್ಲ ಊರುಗಳಲ್ಲೂ ಅರ್ಜಿಗಳ ರಾಶಿ ಇದೆ. ಹೀಗಾಗಿ ವೀಸಾ ಮುಗಿದು, ಕಾರ್ಡ್ ಇನ್ನೂ ಬಾರದ ನಡುಗಾಲ ಒಂದು ಹುಟ್ಟುತ್ತದೆ. ನಿಮ್ಮ ಮಗಳು ಮಾರ್ಚ್ ಎರಡನೇ ವಾರ ಇರಲಿರುವುದು ಬಹುಶಃ ಆ ನಡುಗಾಲದಲ್ಲಿ.

‘ಏನೂ ತೊಂದರೆ ಇಲ್ಲ’ ಎಂದು ಅವಳು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೂ ಹಳೆಯ ವೀಸಾದ ಹಕ್ಕುಗಳು ಮುಂದುವರಿಯುತ್ತವೆ ಎಂದು ಜರ್ಮನಿಯ ವಾಸ ಕಾಯ್ದೆಯ 81ನೇ ಕಲಂ ಹೇಳುತ್ತದೆ. ಅವಳು ಅಲ್ಲಿ ಇರಬಹುದು, ಓದಬಹುದು, ಅರೆಕಾಲಿಕ ಕೆಲಸ ಮಾಡಬಹುದು. ಜರ್ಮನಿಯ ಒಳಗೆ ಅವಳಿಗೆ ನಿಜಕ್ಕೂ ತೊಂದರೆ ಇಲ್ಲ. ಇದಕ್ಕೆ ಸಾಕ್ಷಿಯಾಗಿ ಕಚೇರಿ ಒಂದು ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತದೆ, ಮಕ್ಕಳ ಬಾಯಲ್ಲಿ ಅದು ‘ಫಿಕ್ಷನ್ ಪತ್ರ’. ಅದರಲ್ಲಿ ಆ ಕಲಮಿನ ಯಾವ ಉಪವಿಧಿಗೆ ಗುರುತು ಹಾಕಿದ್ದಾರೆ ಎಂಬುದರ ಮೇಲೆ ಪ್ರಯಾಣದ ಹಕ್ಕು ನಿಂತಿದೆ. ನಾಲ್ಕನೆಯದಕ್ಕೆ ಗುರುತಿದ್ದರೆ, ಹಳೆಯ ವೀಸಾ ಇರುವ ಪಾಸ್‌ಪೋರ್ಟಿನ ಜೊತೆಗೆ ಅದನ್ನು ತೋರಿಸಿ ಜರ್ಮನಿಗೆ ಮರಳಿ ಬರಬಹುದು. ಮೂರನೆಯದಕ್ಕೆ ಗುರುತಿದ್ದರೆ ದೇಶ ಬಿಟ್ಟು ಹೊರಡಲೇಬಾರದು. ಎಷ್ಟೋ ಮಕ್ಕಳ ಕೈಯಲ್ಲಿ ಈ ಪತ್ರವೂ ಇರುವುದಿಲ್ಲ, ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಇಮೇಲ್ ಮಾತ್ರ ಇರುತ್ತದೆ. ಆ ಇಮೇಲ್ ಪ್ರಯಾಣದ ದಾಖಲೆ ಅಲ್ಲ.

ಜರ್ಮನಿಗೆ ಮರಳುವ ಹಕ್ಕು ಒಂದು, ಚೆಕ್ ನೆಲದಲ್ಲಿ ಎರಡು ದಿನ ಇರುವ ಹಕ್ಕು ಇನ್ನೊಂದು. ಮಕ್ಕಳು ಎಡವುವುದು ಇಲ್ಲೇ. ಡ್ರೆಸ್ಡನ್‌ನ ಕಚೇರಿ ಕೊಟ್ಟ ತಾತ್ಕಾಲಿಕ ಕಾಗದವನ್ನು ಪ್ರಾಗ್‌ನ ಪೊಲೀಸರು ಹೇಗೆ ಓದುತ್ತಾರೆ ಎಂಬುದು ಆ ಕಚೇರಿಯ ಹಿಡಿತದಲ್ಲಿಲ್ಲ. ಕಾಗದ ಜರ್ಮನ್ ಭಾಷೆಯಲ್ಲಿರುತ್ತದೆ, ವೀಸಾದ ಮೇಲಿನ ತಾರೀಖು ಮುಗಿದಿರುತ್ತದೆ, ತಪಾಸಣೆ ಮಾಡುವವರ ಕಣ್ಣಿಗೆ ಮೊದಲು ಬೀಳುವುದು ಅದೇ. ಅಲ್ಲಿ ಅನುಮತಿ ಇಲ್ಲದೆ ಇದ್ದಾಳೆಂದು ತೀರ್ಮಾನವಾದರೆ ದಂಡ ಬೀಳಬಹುದು, ದೇಶ ಬಿಡುವ ಆದೇಶ ಬರಬಹುದು. ಇನ್ನೂ ಕೆಟ್ಟದೆಂದರೆ ಷೆಂಗೆನ್ ದೇಶಗಳೆಲ್ಲ ನೋಡುವ ಕಂಪ್ಯೂಟರ್ ದಾಖಲೆಯಲ್ಲಿ ಹೆಸರು ಸೇರಬಹುದು. ನಿಮ್ಮ ಭಾವನವರು ಹೇಳಿದ ಭವಿಷ್ಯದ ತೊಂದರೆ ಪ್ರವಾಸದಿಂದ ಹುಟ್ಟುವುದಿಲ್ಲ. ಹುಟ್ಟುವುದಾದರೆ ಇಂಥ ದಾಖಲೆಯಿಂದ ಹುಟ್ಟುತ್ತದೆ.

‘ಯಾರೂ ನೋಡುವುದಿಲ್ಲ, ನಮ್ಮ ಹಿರಿಯ ವಿದ್ಯಾರ್ಥಿಗಳೆಲ್ಲ ಹೋಗಿ ಬಂದಿದ್ದಾರೆ’ ಎಂದು ಅವಳು ಹೇಳಬಹುದು. ಕೆಲವು ವರ್ಷಗಳ ಹಿಂದೆ ಅದು ಹೆಚ್ಚುಕಡಿಮೆ ನಿಜವಾಗಿತ್ತು. ಈಗ ಹಾಗಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿತು, ಆಮೇಲೆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದೆ. ಚೆಕ್ ಗಡಿಯಲ್ಲಿ ಅದಕ್ಕೂ ಒಂದು ವರ್ಷ ಮೊದಲೇ ಶುರುವಾಗಿತ್ತು. ಪ್ರಾಗ್‌ನಿಂದ ಡ್ರೆಸ್ಡನ್‌ಗೆ ಬರುವ ರೈಲು ಎಲ್ಬೆ ನದಿಯ ಪಕ್ಕದಲ್ಲೇ ಸಾಗಿ ಬಾದ್ ಶಾಂಡಾವ್ ಎಂಬ ಗಡಿ ನಿಲ್ದಾಣವನ್ನು ದಾಟುತ್ತದೆ. ಆ ಭಾಗದಲ್ಲಿ ಪೊಲೀಸರು ಬೋಗಿ ಹತ್ತಿ ಪಾಸ್‌ಪೋರ್ಟ್ ಕೇಳುವುದು ಈಗ ಸಾಮಾನ್ಯ. ಕೇಳಿದರೆ ಹೆದರಬೇಕಾದದ್ದು ಏನೂ ಇಲ್ಲ. ಪಾಸ್‌ಪೋರ್ಟ್ ಮತ್ತು ಚಾಲ್ತಿಯಲ್ಲಿರುವ ವೀಸಾ ಅಥವಾ ಕಾರ್ಡ್, ಎರಡನ್ನೂ ಮೂಲರೂಪದಲ್ಲಿ ತೋರಿಸಿದರೆ ಅರ್ಧ ನಿಮಿಷದ ಕೆಲಸ. ಮೊಬೈಲ್‌ನಲ್ಲಿರುವ ಫೋಟೊ ನಡೆಯುವುದಿಲ್ಲ. ಬಸ್‌ನಲ್ಲಿ ಹೋಗುವವರು ಇನ್ನೊಂದನ್ನೂ ನೆನಪಿಡಬೇಕು: ಒಬ್ಬರ ಕಾಗದದಲ್ಲಿ ಸಂಶಯ ಬಂದು ಕೆಳಗಿಳಿಸಿದರೆ ಬಸ್ ಅವರಿಗಾಗಿ ಕಾಯುವುದಿಲ್ಲ. ಅರಸೀಕೆರೆ ಕಡೆಯ ಒಬ್ಬ ಹುಡುಗ ಹಾಗೆ ರಾತ್ರಿ ಗಡಿಯಲ್ಲಿ ಇಳಿದು, ಬೆಳಗಿನವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ. ಅವನ ತಪ್ಪು ಇಷ್ಟೇ, ಹೊಸ ಕಾರ್ಡ್ ಬಂದಿದ್ದರೂ ಅದನ್ನು ಹಾಸ್ಟೆಲ್ ಕೋಣೆಯಲ್ಲಿ ಭದ್ರವಾಗಿ ಇಟ್ಟು ಬಂದಿದ್ದ.

ಹಾಗಾದರೆ ದಾರಿ ಯಾವುದು? ಕಾರ್ಡ್ ಮಾರ್ಚ್ ಮೊದಲ ವಾರದೊಳಗೆ ಕೈಗೆ ಬಂದರೆ ಧಾರಾಳವಾಗಿ ಹೋಗಲಿ, ಮುಂದಿನ ಮಾತೇ ಬೇಡ. ಬಾರದಿದ್ದರೆ, ಡ್ರೆಸ್ಡನ್‌ನ ವಿದೇಶಿಯರ ಕಚೇರಿಗೆ ಅವಳೇ ಇಮೇಲ್ ಬರೆದು, ‘ಈ ಪತ್ರವಿಟ್ಟುಕೊಂಡು ಈ ದಿನಗಳಲ್ಲಿ ಚೆಕ್ ಗಣರಾಜ್ಯಕ್ಕೆ ಹೋಗಿ ಬರಬಹುದೇ’ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು. ಸ್ನೇಹಿತರ ಅನುಭವ, ವಾಟ್ಸ್‌ಆ್ಯಪ್ ಗುಂಪಿನ ಭರವಸೆ, ನನ್ನಂಥ ಸಲಹೆಗಾರರ ಬಾಯಿಮಾತು, ಯಾವುದೂ ಆ ಉತ್ತರಕ್ಕೆ ಬದಲಿ ಅಲ್ಲ. ಉತ್ತರ ಬರಲಿಲ್ಲವೆಂದರೆ ಹೋಗಬಾರದು. ಫೆಬ್ರುವರಿಯಲ್ಲೇ, ವೀಸಾ ಚಾಲ್ತಿಯಲ್ಲಿರುವಾಗ ಒಂದು ವಾರಾಂತ್ಯ ಹೋಗಿ ಬರಬಹುದು. ಕಾನೂನು ಅದಕ್ಕೆ ಅಡ್ಡಿಯಲ್ಲ, ಅಡ್ಡಿ ಪರೀಕ್ಷೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಉಳಿಸಿಕೊಂಡರೆ ಅದು ಮುಂದಿನ ಸೆಮಿಸ್ಟರ್‌ಗಳನ್ನೆಲ್ಲ ಹಿಂಬಾಲಿಸುತ್ತದೆ. ಪರೀಕ್ಷೆಯ ನಡುವೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ನನಗೆ ಸರಿ ಎನಿಸುವುದು ಹೀಗೆ. ಮಾರ್ಚ್‌ನ ಆ ವಾರಾಂತ್ಯ ಐವರೂ ಜರ್ಮನಿಯ ಒಳಗೇ ಎಲ್ಲಾದರೂ ಹೋಗಲಿ. ಡ್ರೆಸ್ಡನ್‌ನಿಂದ ಬರ್ಲಿನ್‌ಗೆ ಸುಮಾರು ಎರಡು ಗಂಟೆಯ ರೈಲು ಪ್ರಯಾಣ, ಲೈಪ್‌ಜಿಗ್ ಅದಕ್ಕಿಂತ ಹತ್ತಿರ. ಊರಿನ ಸ್ಥಳೀಯ ರೈಲಿನಲ್ಲೇ ಹೋಗಿ ಇಳಿದು ನಡೆದರೆ ಸಿಗುವ ಬಾಸ್ಟೈ ಬಂಡೆಗಳು ಮಲೆನಾಡಿನಲ್ಲಿ ಬೆಳೆದವಳಿಗೆ ಖಂಡಿತ ಇಷ್ಟವಾಗುತ್ತವೆ. ಅವಳ ಸೆಮಿಸ್ಟರ್ ಟಿಕೆಟ್ (ವಿದ್ಯಾರ್ಥಿಗಳ ಪ್ರಯಾಣದ ಪಾಸ್) ದೇಶಾದ್ಯಂತ ಪ್ರಾದೇಶಿಕ ರೈಲುಗಳಲ್ಲಿ ನಡೆಯುವ ಬಗೆಯದಾಗಿದ್ದರೆ, ನಿಧಾನದ ರೈಲು ಹಿಡಿದರೆ ಪ್ರಯಾಣಕ್ಕೆ ಬೇರೆ ಖರ್ಚೇ ಇಲ್ಲ. ವೇಗದ ರೈಲುಗಳಿಗೆ ಮಾತ್ರ ಅದು ಸಲ್ಲುವುದಿಲ್ಲ. ಪ್ರಾಗ್ ಪ್ರವಾಸವನ್ನು ಮೇ ಅಥವಾ ಜೂನ್‌ಗೆ ಇಟ್ಟುಕೊಳ್ಳಲಿ. ಅಷ್ಟರಲ್ಲಿ ಕಾರ್ಡ್ ಬಂದಿರುತ್ತದೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಹೆಣ್ಣುಮಕ್ಕಳು ಹೊಸ ಊರಿನಲ್ಲಿ ಓಡಾಡುವಾಗ ಅದೂ ಸಣ್ಣ ವಿಷಯವಲ್ಲ.

ಇನ್ನು ಕಳ್ಳತನ. ಪ್ರಾಗ್‌ನಲ್ಲಿ ಚಾಕು ತೋರಿಸಿ ದೋಚುವುದು ಅಪರೂಪ, ಜೇಬಿಗೆ ಕೈ ಹಾಕುವುದು ಮಾಮೂಲು. ಚಾರ್ಲ್ಸ್ ಸೇತುವೆಯ ಮೇಲಿನ ನೂಕುನುಗ್ಗಲು, ಹಳೆಯ ಪೇಟೆಯ ಚೌಕದಲ್ಲಿ 1410ರ ಗಡಿಯಾರ ಗಂಟೆ ಬಾರಿಸುವುದನ್ನು ಎಲ್ಲರೂ ತಲೆಯೆತ್ತಿ ನೋಡುವ ಹೊತ್ತು, ಕೋಟೆಯ ಕಡೆಗೆ ಹೋಗುವ 22ನೇ ಸಂಖ್ಯೆಯ ಟ್ರಾಮ್, ಜೇಬುಗಳ್ಳರಿಗೆ ಇಷ್ಟವಾದ ಜಾಗಗಳಿವು. ಶನಿವಾರ ಮುಳ್ಳಯ್ಯನಗಿರಿಗೆ ಬರುವ ಹೊರಊರಿನವರನ್ನು ನೀವು ದೂರದಿಂದಲೇ ಗುರುತಿಸುತ್ತೀರಲ್ಲ, ಪ್ರಾಗ್‌ನಲ್ಲಿ ನಿಮ್ಮ ಮಗಳನ್ನು ಹಾಗೆ ಗುರುತಿಸುವವರು ಇರುತ್ತಾರೆ. ಬೆನ್ನಿನ ಚೀಲದ ಹೊರಖಾನೆಯಲ್ಲಿ ಪಾಸ್‌ಪೋರ್ಟ್ ಬೇಡ. ಕೋಟಿನ ಒಳಜೇಬು, ಅದಕ್ಕೊಂದು ಜಿಪ್, ಸಾಕು. ಬ್ಯಾಂಕ್ ಕಾರ್ಡ್ ಎರಡಿದ್ದರೆ ಎರಡೂ ಒಂದೇ ಪರ್ಸಿನಲ್ಲಿ ಇರಬಾರದು.

ಹಣ ಹೋಗುವ ಇನ್ನೊಂದು ದಾರಿಯಿದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಚೆಕ್‌ನಲ್ಲಿ ಯೂರೊ ಇಲ್ಲ, ಅಲ್ಲಿಯ ನಾಣ್ಯ ಕೊರುನಾ. ಪ್ರವಾಸಿಗಳ ಬೀದಿಯಲ್ಲಿ ಬ್ಯಾಂಕಿಗೆ ಸೇರದ ಎಟಿಎಂಗಳು ಹೆಜ್ಜೆಗೊಂದಿವೆ. ಅವು ‘ನಿಮ್ಮ ಖಾತೆಯ ಹಣದಲ್ಲೇ ಲೆಕ್ಕ ಹಾಕಲೇ’ ಎಂದು ವಿನಯದಿಂದ ಕೇಳುತ್ತವೆ. ಹೌದು ಎಂದು ಒತ್ತಿದರೆ ಅವರದೇ ದರ, ಅದು ದುಬಾರಿ. ಎಟಿಎಂ ಇರಲಿ ಅಂಗಡಿಯಿರಲಿ, ಯಾವಾಗಲೂ ಕೊರುನಾದಲ್ಲೇ ಲೆಕ್ಕವಾಗಲಿ ಎಂದು ಒತ್ತಬೇಕು. ದರವನ್ನು ಅವಳ ಬ್ಯಾಂಕ್ ನೋಡಿಕೊಳ್ಳುತ್ತದೆ. ಬೀದಿಯಲ್ಲಿ ಹತ್ತಿರ ಬಂದು ಒಳ್ಳೆಯ ದರ ಕೊಡುತ್ತೇನೆ ಎನ್ನುವವರ ಕೈಯಲ್ಲಿ ಬೇರೆ ದೇಶದ, ಬೆಲೆಯಿಲ್ಲದ ನೋಟುಗಳಿರುತ್ತವೆ. ನಿಜ ಹೇಳಬೇಕೆಂದರೆ ನಗದೇ ಹೆಚ್ಚು ಬೇಡ, ಬಹುತೇಕ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಟ್ರಾಮ್, ಮೆಟ್ರೊದ ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಪೆಟ್ಟಿಗೆಗೆ ತೂರಿಸಿ ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಿದ ಪ್ರವಾಸಿಗಳು ಅಲ್ಲಿ ದಿನವೂ ಸಿಗುತ್ತಾರೆ.

ನಮ್ಮವರನ್ನು ಕಂಡರೆ ಆಗದವರಿದ್ದಾರೆಯೇ ಎಂದು ಕೇಳಿದ್ದೀರಿ. ಇದ್ದಾರೆ. ಇಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಮಕ್ಕಳು ನನಗೆ ಹೇಳುವುದು ಹೆಚ್ಚಾಗಿ ಮಾತಿನ ಅವಮಾನ, ದುರುಗುಟ್ಟಿ ನೋಡುವುದು, ಕುಡಿದವರ ಕೂಗಾಟ. ಅಂಥದ್ದು ನಡೆಯುವುದಕ್ಕೂ ಒಂದು ಹೊತ್ತು, ಜಾಗ ಇವೆ. ತಡರಾತ್ರಿಯ ನಿಲ್ದಾಣ, ಕೊನೆಯ ಟ್ರಾಮ್, ಫುಟ್‌ಬಾಲ್ ಪಂದ್ಯ ಮುಗಿಸಿ ಗುಂಪಾಗಿ ಬರುವವರು ತುಂಬಿದ ಬೋಗಿ. ಅದಕ್ಕೇ ರಾತ್ರಿ ಬಸ್ ಹತ್ತಿ ಒಂದು ರಾತ್ರಿಯ ಬಾಡಿಗೆ ಉಳಿಸುವ ಉಪಾಯವನ್ನು ನಾನು ಹುಡುಗರಿಗೂ ಹೇಳುವುದಿಲ್ಲ. ಹಗಲಿನ ರೈಲು ಹಿಡಿಯಲಿ, ಕತ್ತಲಾಗುವ ಮೊದಲು ತಂಗುವ ಜಾಗ ಸೇರಲಿ. ಯಾರಾದರೂ ಕೆಣಕಿದರೆ ಉತ್ತರ ಕೊಡಬಾರದು, ಬೋಗಿ ಬದಲಿಸಬೇಕು. ಅಪಾಯವಾದರೆ 112ಕ್ಕೆ ಕರೆ ಮಾಡಬೇಕು, ಯೂರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಅದೇ ಸಂಖ್ಯೆ, ಉಚಿತ. ಜರ್ಮನಿಯ ಸಿಮ್ ಚೆಕ್‌ನಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ನಡೆಯುತ್ತದೆ. 2017ರಿಂದ ಒಕ್ಕೂಟದ ಒಳಗೆ ರೋಮಿಂಗ್ ಶುಲ್ಕ ಇಲ್ಲ.

ಇನ್ನೊಂದು ಅಪಾಯವನ್ನು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. 2024ರ ಏಪ್ರಿಲ್‌ನಿಂದ ಜರ್ಮನಿಯಲ್ಲಿ ವಯಸ್ಕರು ಸ್ವಲ್ಪ ಪ್ರಮಾಣದ ಗಾಂಜಾ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಅದನ್ನು ಗಡಿ ದಾಟಿಸುವುದು ಈಗಲೂ ಅಪರಾಧವೇ. ಐವರ ಗುಂಪಿನಲ್ಲಿ ಒಬ್ಬನ ಜೇಬಿನಲ್ಲಿದ್ದರೂ ತಪಾಸಣೆಯ ಹೊತ್ತಿಗೆ ಐವರೂ ಉತ್ತರ ಕೊಡಬೇಕಾಗುತ್ತದೆ. ಬೇರೆಯವರ ಚೀಲ ಹಿಡಿದುಕೊಳ್ಳುವುದಿಲ್ಲ ಎಂಬ ನಿಯಮವನ್ನು ಅವಳು ಮೊದಲೇ ಹೇಳಿಬಿಡಲಿ. ಇದರಲ್ಲಿ ಸಂಕೋಚ ಬೇಡ.

ಹುಡುಗರ ಜೊತೆ ಹೋಗುವ ವಿಷಯದಲ್ಲಿ ನಿಮ್ಮ ಮನೆಯ ತೀರ್ಮಾನವನ್ನು ನಾನು ಮಾಡಲಾರೆ. ಆದರೆ ಈ ಕೆಲಸದಲ್ಲಿ ಕಂಡದ್ದನ್ನು ಅವಳ ಅಪ್ಪನಿಗೆ ಹೇಳಿ. ಇವರು ಐವರು ಸಹಪಾಠಿಗಳು. ಒಟ್ಟಿಗೆ ಪ್ರಾಜೆಕ್ಟ್ ಮಾಡುತ್ತಾರೆ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಂಜಿ ಮಾಡಿಕೊಡುತ್ತಾರೆ. ಹೊಸ ಊರಿನಲ್ಲಿ ಐವರು ಒಟ್ಟಿಗೆ ಇರುವುದು ಇಬ್ಬರು ಹುಡುಗಿಯರು ಒಂಟಿಯಾಗಿ ಇರುವುದಕ್ಕಿಂತ ಕ್ಷೇಮ. ತಂಗುವ ಹಾಸ್ಟೆಲ್‌ಗಳಲ್ಲಿ ಹುಡುಗಿಯರಿಗೇ ಮೀಸಲಾದ ಕೋಣೆಗಳು ಸಿಗುತ್ತವೆ, ಕಾಯ್ದಿರಿಸುವಾಗ ಅದನ್ನು ಆರಿಸಬೇಕು. ಇಲ್ಲವಾದರೆ ಅಪರಿಚಿತ ಗಂಡಸರೂ ಇರುವ ಸಾಮಾನ್ಯ ಕೋಣೆ ಸಿಕ್ಕೀತು.

ನಾನು ನಿಜವಾಗಿ ಹೆದರುವುದು ಬೇರೆಯದಕ್ಕೆ. ಮನೆಯಲ್ಲಿ ಬೇಡ ಎಂದರು ಎಂದು ಹೇಳದೆ ಹೋಗುವ ಮಕ್ಕಳಿದ್ದಾರೆ. ಹಾಸ್ಟೆಲ್‌ನಲ್ಲಿ ಓದುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿ ರೈಲು ಹತ್ತುತ್ತಾರೆ. ಎಲ್ಲ ಸರಿಯಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟ್ ಕಳೆದರೆ, ಕಾಲು ಉಳುಕಿದರೆ, ಜೊತೆಗಿದ್ದವರ ಜೊತೆ ಜಗಳವಾದರೆ, ಮೊದಲು ಮನೆಗೆ ಫೋನ್ ಮಾಡಬೇಕಾದವರು ಮನೆಗೇ ಮಾಡುವುದಿಲ್ಲ. ಹಾಸನದ ಒಬ್ಬ ಹುಡುಗಿ ಪಾಸ್‌ಪೋರ್ಟ್ ಕಳೆದುಕೊಂಡು, ಮನೆಯವರಿಗೆ ಗೊತ್ತಾಗದಂತೆ ಏನು ಮಾಡಬಹುದು ಎಂದು ನನ್ನನ್ನು ಕೇಳಿದ್ದಳು. ಅವಳಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಪಾಸ್‌ಪೋರ್ಟಿನ ನಕಲು ಪ್ರತಿ, ಅದು ಇದ್ದದ್ದು ಅವಳ ಅಪ್ಪನ ಕಪಾಟಿನಲ್ಲಿ. ನಿಮ್ಮ ಮಗಳು ಕೇಳಿದ್ದಾಳೆ. ತಾರೀಖು, ಊರು, ಜೊತೆಗೆ ಬರುವವರು ಯಾರು ಎಲ್ಲವನ್ನೂ ಹೇಳಿದ್ದಾಳೆ. ಅದನ್ನು ಉಳಿಸಿಕೊಳ್ಳಿ. ಮಾರ್ಚ್‌ನಲ್ಲಿ ಪ್ರಾಗ್ ಬೇಡ ಎಂದು ಹೇಳುವಾಗಲೂ ಕಾರಣ ವೀಸಾದ ತಾರೀಖು ಎಂದೇ ಹೇಳಿ. ಹುಡುಗರ ಮಾತನ್ನು ಅದರ ಹಿಂದೆ ಅಡಗಿಸಬೇಡಿ, ಅವಳಿಗೆ ತಿಳಿಯುತ್ತದೆ.

ಪಾಸ್‌ಪೋರ್ಟ್ ಕಳೆದರೆ ಮಾಡಬೇಕಾದದ್ದು: ಅಲ್ಲಿಯ ಪೊಲೀಸರಲ್ಲಿ ದೂರು ಕೊಟ್ಟು ಪ್ರತಿ ಪಡೆಯುವುದು, ಪ್ರಾಗ್‌ನಲ್ಲೇ ಇರುವ ಭಾರತದ ರಾಯಭಾರ ಕಚೇರಿಯನ್ನು ಸಂಪರ್ಕಿಸುವುದು, ವೀಸಾ ಅಥವಾ ಕಾರ್ಡ್ ಕೂಡ ಹೋಗಿದ್ದರೆ ಜರ್ಮನಿಯ ರಾಯಭಾರ ಕಚೇರಿಗೂ ತಿಳಿಸುವುದು. ಭಾರತದ ಕಚೇರಿ ತುರ್ತಾಗಿ ಕೊಡುವ ಪ್ರಮಾಣಪತ್ರ ಭಾರತಕ್ಕೆ ಮರಳಲು ಮಾತ್ರ, ಓದಿನ ಊರಿಗೆ ಮರಳಲು ಅಲ್ಲ ಎಂಬುದನ್ನು ಅವಳು ತಿಳಿದಿರಲಿ. ಪಾಸ್‌ಪೋರ್ಟ್, ವೀಸಾ, ಕಾರ್ಡ್‌ಗಳ ಸ್ಪಷ್ಟ ಪ್ರತಿ ನಿಮ್ಮ ಬಳಿಯೂ ಇರಲಿ. ಆರೋಗ್ಯದ ಮಟ್ಟಿಗೆ, ಅವಳದು ಜರ್ಮನಿಯ ಸಾರ್ವಜನಿಕ ವಿಮೆಯಾಗಿದ್ದರೆ ಆ ಕಾರ್ಡಿನ ಹಿಂಬದಿಯೇ ಯೂರೋಪಿನ ಆರೋಗ್ಯ ವಿಮಾ ಕಾರ್ಡ್. ತುರ್ತು ಚಿಕಿತ್ಸೆಗೆ ಅದು ಚೆಕ್‌ನಲ್ಲಿ ನಡೆಯುತ್ತದೆ. ಮುಂದೆ ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆಗೆ ಹೋಗುವುದಾದರೆ ಭಾರತೀಯರಂಥ ಹೊರದೇಶದ ಪ್ರಜೆಗಳಿಗೆ ಅದು ಸಲ್ಲುವುದಿಲ್ಲ, ಆಗ ಪ್ರತ್ಯೇಕ ಪ್ರಯಾಣ ವಿಮೆ ಕೊಳ್ಳಬೇಕು. ಖಾಸಗಿ ವಿಮೆಯಾಗಿದ್ದರೆ ಪತ್ರ ತೆಗೆದು ಓದಬೇಕು.

ಓದಲು ಹೋದವರಿಗೆ ಈ ಸುತ್ತಾಟ ಏಕೆ ಎಂದು ನೀವು ಕೇಳಿಲ್ಲ, ಆದರೆ ಪತ್ರದಲ್ಲಿ ಆ ಪ್ರಶ್ನೆ ಇದೆ. ಸೆಪ್ಟೆಂಬರ್‌ನಲ್ಲಿ ಹೋದ ಮಕ್ಕಳು ಎರಡು ತಿಂಗಳಲ್ಲಿ ಕತ್ತಲಿಗೆ ಬೀಳುತ್ತಾರೆ. ಡಿಸೆಂಬರ್‌ನಲ್ಲಿ ಡ್ರೆಸ್ಡನ್‌ನಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಒಂದೇ ಕೋಣೆ, ಒಂದೇ ಕಿಟಕಿ, ಸಾಲದ ಲೆಕ್ಕ, ಅರ್ಥವಾಗದ ಭಾಷೆ. ಆ ಚಳಿಗಾಲ ದಾಟಿ ಪರೀಕ್ಷೆ ಮುಗಿಸಿದವರು ಎರಡು ದಿನ ಹೊರಗೆ ಹೋಗಬೇಕೆನ್ನುವುದು ಚಟವಲ್ಲ. ಹೋಗಿ ಬಂದವರು ಮುಂದಿನ ಸೆಮಿಸ್ಟರ್‌ನಲ್ಲಿ ಹೆಚ್ಚು ಗಟ್ಟಿಯಾಗಿ ಕುಳಿತು ಓದುವುದನ್ನು ನಾನು ಕಂಡಿದ್ದೇನೆ. ಇನ್ನೂ ಒಂದು ಮಾತು. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ, ಚಾರ್ಲ್ಸ್ ಸೇತುವೆಗೆ ಅಡಿಗಲ್ಲು ಬಿದ್ದದ್ದು 1357ರಲ್ಲಿ. ಪ್ರಾಗ್‌ನ ಹಳೆಯ ಪೇಟೆ 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ನಮ್ಮ ಹೊಯ್ಸಳ ದೇವಾಲಯಗಳು 2023ರಲ್ಲಿ ಸೇರಿದವು. ಬೇಲೂರು, ಹಳೇಬೀಡುಗಳನ್ನು ಶಾಲೆಯ ಪ್ರವಾಸದಲ್ಲಿ ನೋಡಿ ಬೆಳೆದವಳು ಆ ಕಲ್ಲಿನ ಕೆಲಸವನ್ನು ಬರಿಯ ಫೋಟೊಗಾಗಿ ನೋಡುವುದಿಲ್ಲ ಎಂದು ನನ್ನ ನಂಬಿಕೆ.

ಕೊನೆಯದು ಹಣ. ಮೂವತ್ತು ಸಾವಿರ ಬೇಡ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕಾಗಿ ನೀವು ನಿರ್ಬಂಧಿತ ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ಇಟ್ಟಿದ್ದರೆ, ಅದರಿಂದ ಅವಳಿಗೆ ತಿಂಗಳಿಗೆ 992 ಯೂರೊ ಬಿಡುಗಡೆಯಾಗುತ್ತದೆ. ಬಾಡಿಗೆ, ವಿಮೆ, ಊಟ ಕಳೆದು ಉಳಿಯುವುದು ಕಡಿಮೆಯೇ. ಆದರೆ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಹೆಚ್ಚಿನವರು ಪ್ರವಾಸದ ಹಣವನ್ನು ಹಾಗೆಯೇ ಕೂಡಿಸುತ್ತಾರೆ. ಮುಂಚೆಯೇ ಟಿಕೆಟ್ ಕಾಯ್ದಿರಿಸಿ, ಹಾಸ್ಟೆಲ್‌ನಲ್ಲಿ ಒಂದೇ ರಾತ್ರಿ ತಂಗಿ, ಊಟದಲ್ಲಿ ಹಿಡಿತವಿದ್ದರೆ ಇಂಥ ಪ್ರವಾಸ ತಲೆಗೆ 150 ಯೂರೊ ಒಳಗೆ ಮುಗಿಯುತ್ತದೆ. ಯೂರೊ ನೂರು ರೂಪಾಯಿ ದಾಟಿರುವುದರಿಂದ ಅದೇ ಹದಿನೈದು ಸಾವಿರದ ಆಚೀಚೆ. ಆ ಖರ್ಚು ಅವಳದೇ ಆಗಿರಲಿ. ನೀವು ಕೊಡಬೇಕೆನಿಸಿದರೆ ಹತ್ತು ಸಾವಿರ ರೂಪಾಯಿಯಷ್ಟನ್ನು ಅವಳ ಎರಡನೆಯ ಕಾರ್ಡಿಗೆ ಹಾಕಿ, ಪರ್ಸ್ ಕಳೆದರೆ ಮಾತ್ರ ಮುಟ್ಟುವ ಹಣ ಎಂದು ಹೇಳಿ. ಐವರ ಟಿಕೆಟ್, ಕೋಣೆಗಳನ್ನೆಲ್ಲ ಒಬ್ಬಳೇ ತನ್ನ ಕಾರ್ಡಿನಿಂದ ಕಾಯ್ದಿರಿಸಿ ಆಮೇಲೆ ವಸೂಲಿ ಮಾಡುವ ಜವಾಬ್ದಾರಿ ಹೊರುವುದು ಬೇಡ. ಸ್ನೇಹ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಪ್ರವಾಸದ ಎರಡು ದಿನ ಗಂಟೆಗೊಮ್ಮೆ ಫೋನ್ ಮಾಡಬೇಡಿ, ಅವಳು ಮೊಬೈಲ್ ಹಿಡಿದು ನಿಂತಷ್ಟೂ ಜೇಬುಗಳ್ಳರಿಗೆ ಸುಲಭ. ಮಾರ್ಚ್ ಕೊನೆಯ ಭಾನುವಾರದವರೆಗೆ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಆಮೇಲೆ ಮೂರೂವರೆ. ಅವಳು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ ಎಂದರೆ ಚಳಿಗಾಲದಲ್ಲಿ ನಿಮಗೆ ನಡುರಾತ್ರಿ ಒಂದೂವರೆ. ಅದರ ಬದಲು ಅಲ್ಲಿಯ ಸಂಜೆ ಆರಕ್ಕೆ, ತಂಗುವ ಜಾಗ ಸೇರಿದ ಮೇಲೆ ಒಂದು ಸಂದೇಶ ಹಾಕಲಿ, ನಿಮಗದು ರಾತ್ರಿ ಹತ್ತೂವರೆ. ಈ ವಾರವೇ ಅವಳಿಂದ ವೀಸಾದ ಪುಟ, ಕಾರ್ಡ್ ಅರ್ಜಿಗೆ ಬಂದ ಉತ್ತರ, ತಾತ್ಕಾಲಿಕ ಪತ್ರ ಕೊಟ್ಟಿದ್ದರೆ ಅದರ ಎರಡೂ ಬದಿ, ಇಷ್ಟರ ಫೋಟೊ ತರಿಸಿಕೊಳ್ಳಿ. ಯಾವ ಉಪವಿಧಿಗೆ ಗುರುತಿದೆ ಎಂದು ನೋಡಿ. ಪತ್ರವೇ ಬಂದಿಲ್ಲವಾದರೆ ಫೆಬ್ರುವರಿ 28ರ ಮೊದಲು ಅದನ್ನು ಕೇಳಿ ಪಡೆಯಲಿ. ಪ್ರವಾಸ ಇರಲಿ ಬಿಡಲಿ, ಮಾರ್ಚ್ 1ರಿಂದ ಕೆಲಸಕ್ಕೆ, ಬ್ಯಾಂಕಿಗೆ, ಬಾಡಿಗೆ ಮನೆಗೆ ಎಲ್ಲದಕ್ಕೂ ಅವಳಿಗೆ ಅದು ಬೇಕಾಗುತ್ತದೆ.